ಇಪ್ಸಿಲ್ಯಾಂಟಿಯ 123 ಮಕ್ಕಳು: ಬಡಮಕ್ಕಳ ಶಾಲಾಪೂರ್ವ ಶಿಕ್ಷಣವನ್ನು ಕುರಿತ ಎರಡು ದೀರ್ಘ ಅಧ್ಯಯನಗಳು

ಡೆಟ್ರಾಯಿಟ್ ನಗರದಿಂದ ಪಶ್ಚಿಮಕ್ಕೆ ಸುಮಾರು 35 ಮೈಲಿ ದೂರದಲ್ಲಿ, ಹ್ಯೂರಾನ್ ನದಿಯ ದಡದಲ್ಲಿ ಇಪ್ಸಿಲ್ಯಾಂಟಿ ಎಂಬ ಸಣ್ಣ ಪಟ್ಟಣವಿದೆ. ಗ್ರೀಸ್ ದೇಶದ ಸ್ವಾತಂತ್ರ್ಯ ಸಮರದ ಸೇನಾನಿಯೊಬ್ಬನ ಹೆಸರನ್ನು ಹೊತ್ತಿರುವ ಈ ಊರಿನ ಪಕ್ಕದಲ್ಲೇ ಆನ್ ಆರ್ಬರಿಗೆ ಹೋಗುವ ಹೆದ್ದಾರಿ ಹಾದುಹೋಗುತ್ತದೆ. ವಿಶ್ವವಿದ್ಯಾಲಯದಲ್ಲಿ ಓದುವ ಮಕ್ಕಳನ್ನು ನೋಡಲು ಆ ದಾರಿಯಲ್ಲಿ ನೂರಾರು ಬಾರಿ ಓಡಾಡಿದ ಕನ್ನಡಿಗರಿದ್ದಾರೆ, ನಾನೂ ಅವರಲ್ಲೊಬ್ಬ. ಆದರೆ ಶಿಕ್ಷಣದ ಅಸಮಾನತೆಯನ್ನು ಕುರಿತು ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖಗೊಳ್ಳುವ ಪ್ರಯೋಗಗಳಲ್ಲೊಂದು ಇದೇ ಪಟ್ಟಣದ ಒಂದು ಪ್ರಾಥಮಿಕ ಶಾಲೆಯಲ್ಲಿ ನಡೆಯಿತೆಂಬುದು ಬಹಳ ವರ್ಷಗಳ ಕಾಲ ನನಗೆ ತಿಳಿದಿರಲಿಲ್ಲ.

ಈ ವಿಷಯವನ್ನು ನಾನು ಓದತೊಡಗಿದ್ದಕ್ಕೆ ಕಾರಣ ಒಂದು ಸಣ್ಣ ಚರ್ಚೆ. ನಾನು ಕಲಿತ ಊರಿನ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳು ಸೇರಿ ಹಣ ಕೂಡಿಸಿದೆವು. ಅದರಿಂದ ಹತ್ತನೆಯ ತರಗತಿಗೆ ಸ್ಮಾರ್ಟ್ ಬೋರ್ಡ್ ಮತ್ತು ಗಣಕಯಂತ್ರಗಳನ್ನು ಕೊಡಿಸುವುದೆಂದು ಹೆಚ್ಚಿನವರು ಹೇಳಿದರು. ಅದೇ ಊರಿನಲ್ಲಿರುವ, ನಿವೃತ್ತ ಶಿಕ್ಷಕಿಯಾದ ನನ್ನ ಅತ್ತಿಗೆ ದೂರವಾಣಿಯಲ್ಲಿ ನಕ್ಕು, "ಹತ್ತನೇ ಕ್ಲಾಸಿಗೆ ಬರೋ ಹೊತ್ತಿಗೆ ಬಿಡೋರೆಲ್ಲ ಬಿಟ್ಟಾಗಿರುತ್ತಪ್ಪ. ಬೋರ್ಡ್ ಯಾರಿಗೆ ತೋರಿಸ್ತೀರಿ?" ಎಂದರು. ಸೀಮಿತವಾದ ಹಣವನ್ನು ಮಗುವಿನ ಯಾವ ವಯಸ್ಸಿನಲ್ಲಿ ತೊಡಗಿಸಿದರೆ ಅದು ಹೆಚ್ಚು ಫಲ ಕೊಡುತ್ತದೆ ಎಂಬ ಪ್ರಶ್ನೆಗೆ ಅಭಿಪ್ರಾಯಗಳಲ್ಲದೆ ಪುರಾವೆಗಳೇನಾದರೂ ಇವೆಯೇ ಎಂದು ಹುಡುಕಿದಾಗ ದೊರೆತ ಉತ್ತರಗಳೆರಡೂ ನಾನು ವಾಸಿಸುವ ಈ ಮಹಾಸರೋವರಗಳ ಪ್ರದೇಶದವೇ ಆಗಿದ್ದವು: ಒಂದು ಇಪ್ಸಿಲ್ಯಾಂಟಿಯದು, ಇನ್ನೊಂದು ಶಿಕಾಗೋ ನಗರದ್ದು.

ಮೊದಲು ಇಲ್ಲಿನ ಅಸಮಾನತೆಯ ಸ್ವರೂಪವನ್ನು ತಿಳಿಯಬೇಕು. ಅಮೆರಿಕದ ಸಾರ್ವಜನಿಕ ಶಾಲೆ ಉಚಿತ. ಆದರೆ ಯಾವ ಶಾಲೆ ಎಂಬುದನ್ನು ಬಹುಮಟ್ಟಿಗೆ ಮನೆಯ ವಿಳಾಸ ನಿರ್ಧರಿಸುತ್ತದೆ. ಡೆಟ್ರಾಯಿಟ್ ಸುತ್ತಮುತ್ತಲಿನ ಟ್ರಾಯ್, ನೊವೈ, ಕ್ಯಾಂಟನ್, ಶಿಕಾಗೋ ಬಳಿಯ ನೇಪರ್‌ವಿಲ್, ಅರೋರಾ, ಶಾಂಬರ್ಗ್ ಮುಂತಾದ ಉಪನಗರಗಳಲ್ಲಿ ನಮ್ಮವರು ನೆಲೆಸಿರುವುದು ಆಕಸ್ಮಿಕವಲ್ಲ. ಮನೆ ಕೊಳ್ಳುವಾಗ ಅಡುಗೆಮನೆಯನ್ನು ನೋಡುವ ಮೊದಲೇ ಶಾಲಾ ಜಿಲ್ಲೆ ಯಾವುದೆಂದು ಕೇಳುವವರು ನಾವು. ಶಾಲೆಗಳಿಗೆ ಹಣ ಬಹುಕಾಲ ಸ್ಥಳೀಯ ಆಸ್ತಿ ತೆರಿಗೆಯಿಂದಲೇ ಬರುತ್ತಿತ್ತು. ಮಿಶಿಗನ್ ರಾಜ್ಯ 1994ರಲ್ಲಿ ಶಾಲೆಗಳ ದೈನಂದಿನ ವೆಚ್ಚದ ಹೆಚ್ಚಿನ ಭಾರವನ್ನು ರಾಜ್ಯದ ಬೊಕ್ಕಸಕ್ಕೆ ವರ್ಗಾಯಿಸಿತು. ಕಟ್ಟಡಗಳ ವೆಚ್ಚ ಮಾತ್ರ ಸ್ಥಳೀಯರ ಹೊಣೆಯಾಗಿಯೇ ಉಳಿಯಿತು. ಇಲಿನಾಯ್ ರಾಜ್ಯ ತನ್ನ ಹಂಚಿಕೆಯ ಸೂತ್ರವನ್ನು ಬದಲಿಸಿದ್ದು 2017ರಲ್ಲಿ.

ಇದಕ್ಕೊಂದು ಕಾನೂನಿನ ಇತಿಹಾಸವೂ ಇದೆ. ಡೆಟ್ರಾಯಿಟ್ ಶಾಲೆಗಳಲ್ಲಿ ಕಪ್ಪು ಮಕ್ಕಳು ಪ್ರತ್ಯೇಕಗೊಂಡಿರುವುದನ್ನು ಸರಿಪಡಿಸಲು ಸುತ್ತಲಿನ ಉಪನಗರಗಳ ಶಾಲಾ ಜಿಲ್ಲೆಗಳನ್ನೂ ಸೇರಿಸಿಕೊಳ್ಳಬೇಕೆಂದು ಕೆಳ ನ್ಯಾಯಾಲಯ ಆದೇಶಿಸಿತ್ತು. 1974ರಲ್ಲಿ ಸರ್ವೋಚ್ಚ ನ್ಯಾಯಾಲಯ ಮಿಲಿಕನ್ ಮತ್ತು ಬ್ರಾಡ್ಲಿ ಮೊಕದ್ದಮೆಯಲ್ಲಿ 5–4ರ ಬಹುಮತದಿಂದ ಆ ಆದೇಶವನ್ನು ರದ್ದುಗೊಳಿಸಿತು. ಉಪನಗರಗಳು ತಾವೇ ತಪ್ಪೆಸಗಿದ್ದಾರೆಂದು ಸಿದ್ಧವಾಗದೆ ಅವುಗಳನ್ನು ಈ ಪರಿಹಾರಕ್ಕೆ ಎಳೆಯುವಂತಿಲ್ಲ ಎಂಬುದು ತೀರ್ಪಿನ ಸಾರ. ನ್ಯಾಯಮೂರ್ತಿ ಥರ್‌ಗುಡ್ ಮಾರ್ಷಲ್ ತೀವ್ರ ಭಿನ್ನಮತವನ್ನು ದಾಖಲಿಸಿದರು. ನಾವು ಬಂದು ಸೇರಿದ್ದು ಆ ತೀರ್ಪು ಭದ್ರಪಡಿಸಿದ ಗಡಿಗಳ ಸುಖದ ಬದಿಗೆ. ಇದನ್ನು ಅಪರಾಧಭಾವದಿಂದ ಹೇಳುತ್ತಿಲ್ಲ. ಆದರೆ ನಮ್ಮ ಮಕ್ಕಳ ಸಾಧನೆಯನ್ನು ಕೂಟದ ವೇದಿಕೆಯಲ್ಲಿ ಕೊಂಡಾಡುವಾಗ ಈ ಸಂಗತಿ ನೆನಪಿನಲ್ಲಿದ್ದರೆ ಒಳ್ಳೆಯದು.

ಈಗ ಇಪ್ಸಿಲ್ಯಾಂಟಿಗೆ ಬರೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಊರಿನ ಬಳಿಯ ವಿಲೋ ರನ್ ಎಂಬಲ್ಲಿ ಫೋರ್ಡ್ ಕಂಪನಿ ಬಾಂಬರ್ ವಿಮಾನಗಳನ್ನು ತಯಾರಿಸುತ್ತಿತ್ತು. ಕೆಲಸವನ್ನರಸಿ ದಕ್ಷಿಣದ ರಾಜ್ಯಗಳಿಂದ ಸಾವಿರಾರು ಕುಟುಂಬಗಳು ಇತ್ತ ವಲಸೆ ಬಂದವು. ಕಪ್ಪು ಜನಾಂಗದ ಕುಟುಂಬಗಳು ಪಟ್ಟಣದ ದಕ್ಷಿಣ ಭಾಗದಲ್ಲಿ ನೆಲೆಸಿದವು. ಅವರ ಮಕ್ಕಳು ಓದುತ್ತಿದ್ದುದು ಪೆರ್ರಿ ಶಾಲೆಯಲ್ಲಿ. 1950ರ ದಶಕದ ಕೊನೆಯಲ್ಲಿ ಶಾಲಾ ಜಿಲ್ಲೆಯ ವಿಶೇಷ ಸೇವೆಗಳ ಹೊಣೆ ಹೊತ್ತ ಡೇವಿಡ್ ವೈಕಾರ್ಟ್ ಎಂಬ ಮನಶ್ಶಾಸ್ತ್ರಜ್ಞ ಒಂದು ವಿಷಯವನ್ನು ಗಮನಿಸಿದರು. ಅನುತ್ತೀರ್ಣರಾಗಿ ಅದೇ ತರಗತಿಯಲ್ಲಿ ಉಳಿಯುವವರು, 'ಮಂದಬುದ್ಧಿ'ಯ ಹಣೆಪಟ್ಟಿಯೊಡನೆ ವಿಶೇಷ ತರಗತಿಗೆ ಹೋಗುವವರು, ನಡುವೆಯೇ ಶಾಲೆ ಬಿಡುವವರು ಬಹುಪಾಲು ಈ ಮಕ್ಕಳೇ. ದೋಷ ಮಕ್ಕಳದ್ದೋ ಶಾಲೆಯದ್ದೋ ಎಂಬ ಪ್ರಶ್ನೆಯನ್ನು ಅವರು ಸಹೋದ್ಯೋಗಿಗಳ ಮುಂದಿಟ್ಟರು. ಶಾಲೆಯ ಒಳಗಿನ ವ್ಯವಸ್ಥೆಯನ್ನು ಬದಲಿಸುವ ಸಲಹೆಗೆ ಬೆಂಬಲ ದೊರೆಯದಾಗ, ಶಾಲೆಗೆ ಸೇರುವ ಮೊದಲಿನ ಎರಡು ವರ್ಷಗಳತ್ತ ಗಮನ ಹರಿಸಿದರು. ಪೆರ್ರಿ ಶಾಲೆಯ ಮುಖ್ಯೋಪಾಧ್ಯಾಯ ಯೂಜೀನ್ ಬೀಟಿ ಅವರಿಗೆ ಜೊತೆಯಾಗಿ ನಿಂತರು. ಹೀಗೆ 1962ರಲ್ಲಿ ಪೆರ್ರಿ ಶಾಲಾಪೂರ್ವ ಯೋಜನೆ ಆರಂಭವಾಯಿತು. ಸರ್ಕಾರದ ಹೆಡ್ ಸ್ಟಾರ್ಟ್ ಯೋಜನೆ ಹುಟ್ಟಿದ್ದು ಇದಾದ ಮೂರು ವರ್ಷಗಳ ಅನಂತರ, 1965ರಲ್ಲಿ.

ವೈಕಾರ್ಟ್ ಅವರ ಹೆಗ್ಗಳಿಕೆ ಶಿಶುವಿಹಾರವನ್ನು ತೆರೆದದ್ದಷ್ಟೇ ಅಲ್ಲ. ಅದನ್ನು ಔಷಧ ಪರೀಕ್ಷೆಯ ಕ್ರಮದಲ್ಲಿ ನಡೆಸಿದ್ದು. ವೈದ್ಯನಾದ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಬಡತನದ ಅಳತೆಗೋಲಿಗೆ ಹೊಂದುವ, ಐಕ್ಯೂ 70ರಿಂದ 85ರ ನಡುವೆ ಇದ್ದ 123 ಕಪ್ಪು ಮಕ್ಕಳನ್ನು ಆಯ್ದು, ಬಹುಮಟ್ಟಿಗೆ ನಾಣ್ಯ ಚಿಮ್ಮಿಸಿ ಎರಡು ಗುಂಪುಗಳಾಗಿ ಮಾಡಲಾಯಿತು. 58 ಮಕ್ಕಳು ಶಾಲಾಪೂರ್ವ ತರಗತಿಗೆ ಬಂದರು. 65 ಮಕ್ಕಳು ಎಂದಿನಂತೆ ಮನೆಯಲ್ಲುಳಿದರು. ಒಂದೇ ಮನೆಯ ಮಕ್ಕಳನ್ನು ಒಂದೇ ಗುಂಪಿಗೆ ಹಾಕಲಾಯಿತು; ತಾಯಿ ಕೆಲಸಕ್ಕೆ ಹೋಗುವ ಕೆಲವು ಮಕ್ಕಳನ್ನು ಅನುಕೂಲಕ್ಕಾಗಿ ಗುಂಪು ಬದಲಿಸಲಾಯಿತು. ಇವು ಪ್ರಯೋಗದ ಶುದ್ಧತೆಯಲ್ಲಿನ ಕುಂದುಗಳೆಂದು ಮುಂದೆ ಚರ್ಚೆಗೊಳಗಾದವು.

ತರಗತಿ ಸರಳವಾಗಿತ್ತು. ಮೂರು ಮತ್ತು ನಾಲ್ಕು ವರ್ಷದ ಮಕ್ಕಳು ಅಕ್ಟೋಬರಿನಿಂದ ಮೇ ತಿಂಗಳವರೆಗೆ, ವಾರಕ್ಕೆ ಐದು ದಿನ, ಬೆಳಗ್ಗೆ ಎರಡೂವರೆ ಗಂಟೆ ಬರುತ್ತಿದ್ದರು. ಇಪ್ಪತ್ತರಿಂದ ಇಪ್ಪತ್ತೈದು ಮಕ್ಕಳಿಗೆ ನಾಲ್ವರು ಶಿಕ್ಷಕಿಯರು. ಎಲ್ಲರೂ ಸಾರ್ವಜನಿಕ ಶಾಲೆಯಲ್ಲಿ ಬೋಧಿಸುವ ಪೂರ್ಣ ಅರ್ಹತೆ ಪಡೆದವರು. ಅಕ್ಷರ ತಿದ್ದಿಸುವುದಕ್ಕೆ ಆದ್ಯತೆಯಿರಲಿಲ್ಲ. ಇಂದು ಏನು ಮಾಡಬೇಕೆಂದು ಮಗು ಮೊದಲು ತಾನೇ ಹೇಳಬೇಕು. ಅನಂತರ ಅದನ್ನು ಮಾಡಬೇಕು. ಕೊನೆಗೆ ಮಾಡಿದ್ದೇನೆಂದು ಎಲ್ಲರೆದುರು ವಿವರಿಸಬೇಕು. ಮರದ ತುಂಡುಗಳಿಂದ ಮನೆ ಕಟ್ಟುವುದಾಗಿ ಹೇಳಿದ ಮಗು ಮನೆಯನ್ನೇ ಕಟ್ಟಿತೋ, ನಡುವೆ ಮನಸ್ಸು ಬದಲಿಸಿ ಸೇತುವೆ ಮಾಡಿತೋ, ಏಕೆ ಬದಲಿಸಿತು ಎಂಬುದೇ ಪಾಠ. ಇದರ ಜೊತೆಗೆ ಶಿಕ್ಷಕಿ ಪ್ರತಿ ವಾರ ಒಂದೂವರೆ ಗಂಟೆ ಮಗುವಿನ ಮನೆಗೆ ಹೋಗಿ ತಾಯಿಯೊಡನೆ ಕುಳಿತು ಅದೇ ಬಗೆಯ ಆಟ, ಮಾತುಕತೆಗಳನ್ನು ನಡೆಸುತ್ತಿದ್ದರು. ಪ್ರಯೋಗವನ್ನು ವರ್ಣಿಸುವ ಲೇಖನಗಳಲ್ಲಿ ಈ ಮನೆಭೇಟಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಎರಡು ವರ್ಷಗಳ ಕಾಲ ವಾರವಾರವೂ ಬಡವರ ಮನೆಯ ಬಾಗಿಲಿಗೆ ಶಿಕ್ಷಕಿ ಬಂದು ಕುಳಿತುಕೊಳ್ಳುವುದೆಂದರೇನು ಎಂಬುದನ್ನು ನಮ್ಮ ಊರುಗಳನ್ನು ಬಲ್ಲವರು ಊಹಿಸಿಕೊಳ್ಳಬಹುದು.

ಫಲಿತಾಂಶ ಮೊದಲು ಬೆರಗು ಹುಟ್ಟಿಸಿತು, ಬಳಿಕ ನಿರಾಸೆ. ಐದನೆಯ ವಯಸ್ಸಿಗೆ ತರಗತಿಗೆ ಬಂದ ಮಕ್ಕಳಲ್ಲಿ 67 ಪ್ರತಿಶತ ಮಂದಿಯ ಐಕ್ಯೂ 90 ಅಥವಾ ಅದಕ್ಕಿಂತ ಹೆಚ್ಚಾಗಿತ್ತು. ಇನ್ನೊಂದು ಗುಂಪಿನಲ್ಲಿ 28 ಪ್ರತಿಶತ ಮಾತ್ರ. ಆದರೆ ಮಕ್ಕಳಿಗೆ ಎಂಟು ಹತ್ತು ವರ್ಷವಾಗುವಷ್ಟರಲ್ಲಿ ಎರಡು ಗುಂಪುಗಳ ಐಕ್ಯೂ ಅಂತರ ಕರಗಿಹೋಯಿತು. ಸರಿಸುಮಾರು ಅದೇ ಕಾಲಕ್ಕೆ, 1969ರಲ್ಲಿ, ಹೆಡ್ ಸ್ಟಾರ್ಟಿನ ಲಾಭ ಬೇಗ ಮಾಸುತ್ತದೆಂದು ವೆಸ್ಟಿಂಗ್‌ಹೌಸ್ ವರದಿ ಹೇಳಿತು. ಇಂತಹ ಪ್ರಯತ್ನಗಳು ಸೋತಿವೆಯೆಂದೂ ಬುದ್ಧಿಮತ್ತೆ ಬಹುಪಾಲು ಆನುವಂಶಿಕವೆಂದೂ ಆರ್ಥರ್ ಜೆನ್ಸನ್ ವಾದಿಸಿದರು. ಅಲ್ಲಿಗೆ ಕಡತ ಮುಚ್ಚಿದ್ದರೆ ಪೆರ್ರಿ ಪ್ರಯೋಗ ಇನ್ನೊಂದು ವೈಫಲ್ಯವೆಂದೇ ದಾಖಲಾಗುತ್ತಿತ್ತು.

ವೈಕಾರ್ಟ್ ಮುಚ್ಚಲಿಲ್ಲ. 1970ರಲ್ಲಿ ಶಾಲಾ ಜಿಲ್ಲೆಯ ಕೆಲಸ ಬಿಟ್ಟು ಹೈಸ್ಕೋಪ್ ಪ್ರತಿಷ್ಠಾನವನ್ನು ಸ್ಥಾಪಿಸಿ, ಅದೇ ಮಕ್ಕಳನ್ನು ಬೆನ್ನುಹತ್ತಿದರು. ಹದಿನಾಲ್ಕನೆಯ ವಯಸ್ಸಿನ ಪರೀಕ್ಷೆಗಳಲ್ಲಿ ವಿಚಿತ್ರವೊಂದು ಕಂಡಿತು: ಐಕ್ಯೂ ಸಮನಾಗಿದ್ದರೂ ಓದು, ಲೆಕ್ಕ, ಭಾಷೆಗಳಲ್ಲಿ ಮೂಲಭೂತ ಮಟ್ಟ ಮುಟ್ಟಿದವರು ಮೊದಲ ಗುಂಪಿನಲ್ಲಿ 49 ಪ್ರತಿಶತ, ಎರಡನೆಯದರಲ್ಲಿ 15 ಪ್ರತಿಶತ. 2005ರಲ್ಲಿ ಪ್ರಕಟವಾದ ನಲವತ್ತನೆಯ ವಯಸ್ಸಿನ ವರದಿ ಪ್ರಸಿದ್ಧವಾದುದು. ಬದುಕಿದ್ದವರಲ್ಲಿ 97 ಪ್ರತಿಶತ ಜನರನ್ನು ಸಂಶೋಧಕರು ಹುಡುಕಿ ಮಾತನಾಡಿಸಿದ್ದರು. ರೋಗಿಗಳನ್ನು ಐದು ವರ್ಷ ಅನುಸರಿಸುವುದರಲ್ಲೇ ಅರ್ಧದಷ್ಟನ್ನು ಕಳೆದುಕೊಳ್ಳುವ ನಮ್ಮ ವೃತ್ತಿಯವರಿಗೆ ಇದರ ಶ್ರಮ ಅರ್ಥವಾಗುತ್ತದೆ. ಪ್ರೌಢಶಿಕ್ಷಣ ಮುಗಿಸಿದವರು 65 ಮತ್ತು 45 ಪ್ರತಿಶತ. ವರ್ಷಕ್ಕೆ 20,000 ಡಾಲರಿಗಿಂತ ಹೆಚ್ಚು ಗಳಿಸುವವರು 60 ಮತ್ತು 40 ಪ್ರತಿಶತ. ಐದು ಅಥವಾ ಹೆಚ್ಚು ಬಾರಿ ಬಂಧನಕ್ಕೊಳಗಾದವರು 36 ಮತ್ತು 55 ಪ್ರತಿಶತ.

ಈ ಸರಾಸರಿಗಳೊಳಗೆ ಒಂದು ಗುಟ್ಟಿದೆ. ಪ್ರೌಢಶಿಕ್ಷಣದ ಲಾಭ ಬಹುತೇಕ ಪೂರ್ಣವಾಗಿ ಹೆಣ್ಣುಮಕ್ಕಳದು: ತರಗತಿಗೆ ಬಂದ ಹುಡುಗಿಯರಲ್ಲಿ 84 ಪ್ರತಿಶತ, ಬಾರದವರಲ್ಲಿ 32 ಪ್ರತಿಶತ ಮಂದಿ ಓದು ಮುಗಿಸಿದರು. ಹುಡುಗರಲ್ಲಿ ಈ ವ್ಯತ್ಯಾಸವೇ ಕಾಣಲಿಲ್ಲ. ಅವರ ಲಾಭ ಅಪರಾಧ, ಬಂಧನಗಳು ಕಡಿಮೆಯಾದುದರಲ್ಲಿ ಕಂಡಿತು. ಇನ್ನೊಂದು ಮಾತನ್ನೂ ಮರೆಯಬಾರದು. ಉತ್ತಮ ಗುಂಪಿನಲ್ಲೂ ಮೂರರಲ್ಲೊಬ್ಬರಿಗಿಂತ ಹೆಚ್ಚು ಜನ ಐದು ಬಾರಿ ಬಂಧನಕ್ಕೊಳಗಾಗಿದ್ದರು. ಎರಡು ವರ್ಷದ ಬೆಳಗಿನ ತರಗತಿ ಬಡತನವನ್ನೂ ವರ್ಣಭೇದವನ್ನೂ ಅಳಿಸಿಬಿಡಲಿಲ್ಲ.

ಈ ಅಂಕಿಗಳನ್ನು ಜಗತ್ತಿನ ಹಣಕಾಸು ಸಚಿವಾಲಯಗಳಿಗೆ ತಲುಪಿಸಿದವರು ಶಿಕಾಗೋ ವಿಶ್ವವಿದ್ಯಾಲಯದ ಜೇಮ್ಸ್ ಹೆಕ್ಮನ್, 2000ದ ಅರ್ಥಶಾಸ್ತ್ರ ನೊಬೆಲ್ ಪುರಸ್ಕೃತರಲ್ಲೊಬ್ಬರು. ಹೈಸ್ಕೋಪ್ ಸಂಸ್ಥೆ ತಾನೇ ಹಾಕಿದ ಲೆಕ್ಕದಲ್ಲಿ ಒಂದು ಡಾಲರಿಗೆ 16 ಡಾಲರಿಗೂ ಹೆಚ್ಚು ಸಾಮಾಜಿಕ ಲಾಭ ತೋರಿಸಿತ್ತು. ಹೆಕ್ಮನ್ ತಂಡ ಗುಂಪು ಬದಲಾವಣೆಯ ದೋಷಗಳನ್ನು ಲೆಕ್ಕಕ್ಕೆ ತೆಗೆದುಕೊಂಡು 2010ರಲ್ಲಿ ಅದನ್ನು ವಾರ್ಷಿಕ 7ರಿಂದ 10 ಪ್ರತಿಶತ ಆದಾಯಕ್ಕೆ ಇಳಿಸಿತು. ಇಳಿಸಿದ ಮೇಲೂ ಅದು ಅಸಾಧಾರಣವೇ. ಐಕ್ಯೂ ಮರಳಿ ಇಳಿದರೂ ಬದುಕು ಉತ್ತಮಗೊಂಡುದಕ್ಕೆ ಹೆಕ್ಮನ್ ನೀಡುವ ವಿವರಣೆ, ಬದಲಾದದ್ದು ಬುದ್ಧಿಯ ಅಳತೆಯಲ್ಲ, ಸ್ವಭಾವ ಎಂಬುದು. ಯೋಚಿಸಿ ತೊಡಗುವುದು, ತೊಡಗಿದ್ದನ್ನು ಬಿಡದಿರುವುದು, ಸಿಟ್ಟನ್ನು ನುಂಗಿಕೊಳ್ಳುವುದು, ಇತರರೊಡನೆ ಹೊಂದಿಕೊಳ್ಳುವುದು. 'ಹೇಳು, ಮಾಡು, ವಿವರಿಸು' ಎಂಬ ದಿನಚರಿಗೂ ಇದಕ್ಕೂ ಸಂಬಂಧ ಕಾಣುವುದು ಕಷ್ಟವಲ್ಲ.

ಆಕ್ಷೇಪಗಳಿಲ್ಲವೇ? ಇವೆ. 123 ಮಕ್ಕಳು, ಒಂದೇ ಊರು, ಒಂದೇ ಕಾಲ; ಸಣ್ಣ ಗಾತ್ರದ ಔಷಧ ಪರೀಕ್ಷೆಯನ್ನು ನಂಬಿ ಇಡೀ ದೇಶಕ್ಕೆ ಮದ್ದು ಬರೆಯಲಾಗದು. ಟೆನೆಸಿ ರಾಜ್ಯದ ಸರ್ಕಾರಿ ಶಾಲಾಪೂರ್ವ ತರಗತಿಗಳನ್ನು ಕುರಿತು ಸುಮಾರು 3,000 ಮಕ್ಕಳ ಮೇಲೆ ನಡೆದ ಯಾದೃಚ್ಛಿಕ ಅಧ್ಯಯನದ 2022ರ ವರದಿಯಲ್ಲಿ, ತರಗತಿಗೆ ಹೋದ ಮಕ್ಕಳು ಆರನೆಯ ತರಗತಿಯ ಹೊತ್ತಿಗೆ ಹೋಗದವರಿಗಿಂತ ಹಿಂದೆ ಬಿದ್ದಿದ್ದರು. ಹೀಗಾಗಿ 'ಶಾಲಾಪೂರ್ವ ಶಿಕ್ಷಣ' ಎಂಬ ಫಲಕ ತೂಗುಹಾಕಿದ ಕೂಡಲೇ ಪೆರ್ರಿಯ ಫಲ ಸಿಗುವುದಿಲ್ಲ. ಒಳಗೆ ಏನು ನಡೆಯುತ್ತದೆ, ಎಷ್ಟು ಮಕ್ಕಳಿಗೆ ಎಷ್ಟು ಜನ, ಅವರ ತರಬೇತಿ ಎಂತಹುದು ಎಂಬುದೇ ಮುಖ್ಯ.

ದೊಡ್ಡ ನಗರದಲ್ಲಿ, ಸರ್ಕಾರಿ ಹಣದಲ್ಲಿ, ಸಾಮಾನ್ಯ ಶಾಲಾ ಆಡಳಿತದ ಕೈಯಲ್ಲಿ ಇದು ಸಾಧ್ಯವೇ ಎಂಬ ಪ್ರಶ್ನೆಗೆ ಶಿಕಾಗೋ ಉತ್ತರ ಕೊಡುತ್ತದೆ. ನಗರದ ಪಶ್ಚಿಮ ಭಾಗದ ಬಡ ಬಡಾವಣೆಗಳಲ್ಲಿ ಮಕ್ಕಳ ಹಾಜರಿ, ಕಲಿಕೆ ಎರಡೂ ಕುಸಿದಿದ್ದಾಗ ಅಲ್ಲಿನ ಶಿಕ್ಷಣಾಧಿಕಾರಿ ಲೊರೇನ್ ಸಲಿವನ್ ತಾಯ್ತಂದೆಯರ ಮಾತು ಕೇಳಿ ಯೋಜನೆಯೊಂದನ್ನು ರೂಪಿಸಿದರು. 1967ರಲ್ಲಿ ನಾಲ್ಕು 'ಚೈಲ್ಡ್ ಪೇರೆಂಟ್' ಕೇಂದ್ರಗಳು ತೆರೆದವು. ಹೆಸರೇ ಹೇಳುವಂತೆ ಅಲ್ಲಿ ಮಗುವಿನಷ್ಟೇ ಪೋಷಕರೂ ಮುಖ್ಯ. ಪ್ರತಿ ಕೇಂದ್ರದಲ್ಲೂ ಪೋಷಕರಿಗೆಂದೇ ಒಂದು ಕೋಣೆ, ಅದಕ್ಕೊಬ್ಬ ಪ್ರತ್ಯೇಕ ಶಿಕ್ಷಕಿ. ಮನೆಗಳಿಗೆ ಹೋಗಿಬರುವ ಬಡಾವಣೆಯದೇ ಒಬ್ಬ ಕಾರ್ಯಕರ್ತೆ. ತಾಯಿ ಅಥವಾ ತಂದೆ ವಾರಕ್ಕೆ ಅರ್ಧ ದಿನ ಕೇಂದ್ರದ ಕೆಲಸದಲ್ಲಿ ಪಾಲ್ಗೊಳ್ಳಬೇಕೆಂಬುದು ನಿಯಮ. ಹದಿನೇಳು ಮಕ್ಕಳಿಗೆ ಇಬ್ಬರು ದೊಡ್ಡವರು. ಶಾಲಾಪೂರ್ವ ತರಗತಿಯ ಬೆಂಬಲ ಅಲ್ಲಿಗೇ ನಿಲ್ಲದೆ ಮೂರನೆಯ ತರಗತಿಯವರೆಗೂ ಮುಂದುವರಿಯುತ್ತಿತ್ತು.

ಆರ್ಥರ್ ರೆನಾಲ್ಡ್ಸ್ ಮತ್ತು ಸಂಗಡಿಗರು 1985–86ರಲ್ಲಿ ಕಿಂಡರ್‌ಗಾರ್ಟನ್ ಓದಿದ 1,539 ಮಕ್ಕಳನ್ನು ಅನುಸರಿಸಿದರು. ಅವರಲ್ಲಿ 989 ಮಕ್ಕಳು ಈ ಕೇಂದ್ರಗಳಲ್ಲಿ ಕಲಿತವರು. ಇಪ್ಪತ್ತನೆಯ ವಯಸ್ಸಿಗೆ ಪ್ರೌಢಶಿಕ್ಷಣ ಮುಗಿಸಿದವರು ಕೇಂದ್ರದ ಶಾಲಾಪೂರ್ವ ತರಗತಿಯ ಮಕ್ಕಳಲ್ಲಿ 49.7, ಇತರರಲ್ಲಿ 38.5 ಪ್ರತಿಶತ, ಬಾಲಾಪರಾಧಕ್ಕಾಗಿ ಬಂಧಿತರಾದವರು 16.9 ಮತ್ತು 25.1 ಪ್ರತಿಶತ, ವಿಶೇಷ ತರಗತಿಗೆ ಹೋಗಬೇಕಾದವರು 14.4 ಮತ್ತು 24.6 ಪ್ರತಿಶತ. ಇಲ್ಲಿ ನಾಣ್ಯ ಚಿಮ್ಮಿಸಲಿಲ್ಲ. ಹೋಲಿಕೆಯ ಗುಂಪನ್ನು ಅಂತಹವೇ ಬಡಾವಣೆಗಳಿಂದ ಆರಿಸಲಾಗಿತ್ತು. ಆದ್ದರಿಂದ ಪುರಾವೆಯ ತೂಕ ಒಂದು ಗುಂಜಿ ಕಡಿಮೆ. ಆದರೆ ಗಾತ್ರ ದೊಡ್ಡದು. ಈ ಲೇಖನ 2001ರಲ್ಲಿ ಪ್ರಕಟವಾದುದು ಶಿಕ್ಷಣ ಪತ್ರಿಕೆಯಲ್ಲಲ್ಲ, ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ.

ಅದು ಸರಿಯಾದ ಸ್ಥಳವೇ. ನನ್ನ ಚಿಕಿತ್ಸಾಲಯಕ್ಕೆ ಬರುವ ಕೆಲವು ಮಧ್ಯವಯಸ್ಕರು ಔಷಧದ ಚೀಟಿ ಕೊಟ್ಟಾಗ "ಕನ್ನಡಕ ಮನೆಯಲ್ಲಿ ಬಿಟ್ಟುಬಂದೆ" ಎನ್ನುತ್ತಾರೆ. ಮೂರನೆಯ ಬಾರಿಯೂ ಅದನ್ನೇ ಹೇಳಿದಾಗ ಕೊರತೆ ಕನ್ನಡಕದ್ದಲ್ಲವೆಂದು ತಿಳಿಯುತ್ತದೆ. ಹನ್ನೆರಡು ವರ್ಷ ಶಾಲೆಗೆ ಹೋಗಿಯೂ ಮಾತ್ರೆಯ ಸೂಚನೆಯನ್ನು ಓದಲಾಗದವರ ರಕ್ತದೊತ್ತಡ ಹತೋಟಿಗೆ ಬರುವುದಾದರೂ ಹೇಗೆ? ಉತ್ತರ ಕ್ಯಾರೊಲೈನಾದಲ್ಲಿ 1972ರಲ್ಲಿ ಆರಂಭವಾದ ಅಬೆಸಿಡೇರಿಯನ್ ಎಂಬ ಪ್ರಯೋಗದಲ್ಲಿ ಹಸುಗೂಸುಗಳಿದ್ದಾಗಿನಿಂದ ಐದು ವರ್ಷದವರೆಗೆ ಆರೈಕೆ, ಆಹಾರ, ಆಟಪಾಠ ಪಡೆದ ಗಂಡುಮಕ್ಕಳನ್ನು ಮೂವತ್ತರ ಮಧ್ಯವಯಸ್ಸಿನಲ್ಲಿ ಪರೀಕ್ಷಿಸಿದಾಗ ಅವರ ಸಂಕೋಚನ ರಕ್ತದೊತ್ತಡದ ಸರಾಸರಿ 126, ಆರೈಕೆ ಪಡೆಯದವರದು 143 ಇತ್ತು. ಇಷ್ಟು ಅಂತರವನ್ನು ಮಾತ್ರೆಗಳಿಂದ ಸಾಧಿಸಲು ನಾನು ಒಂದಕ್ಕಿಂತ ಹೆಚ್ಚು ಬಗೆಯನ್ನು ಬರೆಯಬೇಕಾಗುತ್ತದೆ. ಕಲಿಕೆಯ ಬೇರು ದೇಹದಲ್ಲೂ ಇದೆ. ಕಬ್ಬಿಣಾಂಶ ಕಡಿಮೆಯಾದ ಮಗು ತರಗತಿಯಲ್ಲಿ ತೂಕಡಿಸುತ್ತದೆ. 1978ಕ್ಕೆ ಮೊದಲು ಕಟ್ಟಿದ ಮನೆಗಳ ಗೋಡೆಬಣ್ಣದಲ್ಲಿರುವ ಸೀಸ ಡೆಟ್ರಾಯಿಟ್ ಮತ್ತು ಶಿಕಾಗೋದ ಹಳೆಯ ಬಡಾವಣೆಗಳಲ್ಲಿ ಈಗಲೂ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತಿದೆ.

ಕರ್ನಾಟಕದಲ್ಲಿ ಇದಕ್ಕೆ ಸಮಾನವಾದ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ಅವುಗಳಲ್ಲೊಂದಾಗಿತ್ತು. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಪೂರಕ ಆಹಾರ, ಲಸಿಕೆ, ತೂಕ, ಗರ್ಭಿಣಿಯರ ಆರೈಕೆ, ಸಮೀಕ್ಷೆ, ಮತದಾರರ ಪಟ್ಟಿ, ಇವೆಲ್ಲದರ ಸಂದಿನಲ್ಲಿ ಶಾಲಾಪೂರ್ವ ಶಿಕ್ಷಣ. "ಪಾಪ, ಅವಳು ಮಕ್ಕಳ ಮುಖ ನೋಡೋದಕ್ಕಿಂತ ರಿಜಿಸ್ಟರ್ ಮುಖ ನೋಡೋದೇ ಜಾಸ್ತಿ" ಎಂಬುದು ಅತ್ತಿಗೆಯ ವರದಿ. ಆಹಾರದ ಅಂಶವನ್ನು ಲಘುವಾಗಿ ಕಾಣಬಾರದು. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆಯ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ರಕ್ತಹೀನರು. ಆದರೆ ಪೆರ್ರಿ ಮತ್ತು ಶಿಕಾಗೋ ಅಧ್ಯಯನಗಳ ಪಕ್ಕದಲ್ಲಿ ಅಂಗನವಾಡಿಯನ್ನಿಟ್ಟು ನೋಡಿದರೆ ಕೊರತೆ ಎಲ್ಲಿದೆಯೆಂಬುದು ಸ್ಪಷ್ಟ: ಮಗುವಿನೊಡನೆ ಮಾತನಾಡಲು ಬಿಡುವಿರುವ ಎರಡನೆಯ ವ್ಯಕ್ತಿ ಇಲ್ಲ.

ಶಾಲೆಯೊಳಗಿನ ಸುಧಾರಣೆಯಲ್ಲಿ ನಾಡಿಗೆ ತನ್ನದೇ ಅನುಭವವಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಮಾದರಿಯನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ 'ನಲಿ-ಕಲಿ'ಯನ್ನು ರೂಪಿಸಿದರು. ಮಗು ತನ್ನ ವೇಗದಲ್ಲಿ ಕಲಿಕೆಯ ಏಣಿ ಹತ್ತುವ ಆ ಕ್ರಮ ಮುಂದೆ ರಾಜ್ಯದ ಕೆಳತರಗತಿಗಳಿಗೆಲ್ಲ ಹರಡಿತು. ಈಚೆಗೆ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯಲಾಗುತ್ತಿದೆ. ಅಂಗನವಾಡಿಗಳು ಬರಿದಾಗುತ್ತವೆಂದು ಕಾರ್ಯಕರ್ತೆಯರು ಪ್ರತಿಭಟಿಸಿದ್ದಾರೆ. ಅವರ ಆತಂಕದಲ್ಲಿ ಹುರುಳಿದೆ. ಮೂರು ವರ್ಷದ ಮಗುವಿಗೆ ಇಂಗ್ಲಿಷ್ ವರ್ಣಮಾಲೆ ತಿದ್ದಿಸುವ ಕೋಣೆಗಿಂತ, ಊಟ, ಆಟ, ಮಾತು ಒಂದೆಡೆ ಸಿಗುವ ಮನೆಯಂಗಳದ ಕೇಂದ್ರವೇ ಇಪ್ಸಿಲ್ಯಾಂಟಿಗೆ ಹೆಚ್ಚು ಹತ್ತಿರವೆಂದು ನನ್ನ ಅಭಿಪ್ರಾಯ.

ನಮ್ಮ ಹಳೆಯ ವಿದ್ಯಾರ್ಥಿಗಳ ಹಣದ ವಿಚಾರಕ್ಕೆ ಬಂದರೆ, ನಾನು ಮುಂದಿಟ್ಟ ಪ್ರಸ್ತಾವ ಹೀಗಿದೆ: ಪ್ರೌಢಶಾಲೆಯ ಸುತ್ತಲಿನ ಮೂರು ಅಂಗನವಾಡಿಗಳಿಗೆ, ಇಲಾಖೆಯ ಒಪ್ಪಿಗೆ ಪಡೆದು, ಪಿಯುಸಿ ಮುಗಿಸಿದ ಊರಿನ ಒಬ್ಬೊಬ್ಬ ಯುವತಿಯನ್ನು ಎರಡು ವರ್ಷದ ಮಟ್ಟಿಗೆ ನೇಮಿಸುವುದು, ಅವರಿಗೆ ಅತ್ತಿಗೆಯಂತಹ ನಿವೃತ್ತ ಶಿಕ್ಷಕಿಯರಿಂದ ತರಬೇತಿ ಕೊಡಿಸುವುದು, ಬೆಳಗ್ಗೆ ಮಕ್ಕಳೊಡನೆ ಆಟ, ಸಂಜೆ ಸರದಿಯಂತೆ ಮನೆಭೇಟಿ. ಮರದ ತುಂಡುಗಳು, ಚಿತ್ರಪುಸ್ತಕಗಳಿಗೆ ಹೆಚ್ಚು ಖರ್ಚಿಲ್ಲ. ಹದಿನೆಂಟು ಜನರಲ್ಲಿ ಏಳು ಮಂದಿ ಒಪ್ಪಿದ್ದಾರೆ. ಸ್ಮಾರ್ಟ್ ಬೋರ್ಡಿನ ಮೇಲೆ ದಾನಿಗಳ ಹೆಸರು ಬರೆಸಬಹುದು, ಮನೆಭೇಟಿಯ ಮೇಲೆ ಎಲ್ಲಿ ಬರೆಸುವುದು ಎಂದು ಒಬ್ಬ ಗೆಳೆಯರು ಕೇಳಿದರು, ತಮಾಷೆಗೇ ಕೇಳಿದರೆಂದುಕೊಂಡಿದ್ದೇನೆ. ಪೆರ್ರಿ ತರಗತಿಯ ಮಕ್ಕಳಿಗೆ ಐವತ್ತು ದಾಟಿದಾಗ ಹೆಕ್ಮನ್ ಮತ್ತು ಗಣೇಶ್ ಕರಪಾಕುಲ ಅವರ ಮಕ್ಕಳ ಬದುಕನ್ನೂ ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದರು. ಆ ಎರಡನೆಯ ಪೀಳಿಗೆಯಲ್ಲಿ ಶಾಲೆಯಿಂದ ಅಮಾನತಾದವರು ಕಡಿಮೆ, ಉದ್ಯೋಗದಲ್ಲಿರುವವರು ಹೆಚ್ಚು. ಮುಂದಿನ ಸಭೆಗೆ ಆ ವರದಿಯ ಸಾರಾಂಶವನ್ನು ಕನ್ನಡದಲ್ಲಿ ಬರೆದು ಕಳುಹಿಸಿದ್ದೇನೆ.